ಶೀರ್ಷಿಕೆಗೆ ‘ಒಂದು ಅವಲೋಕನ’ದ ಬಾಲ ಬೇಡ

ಪ್ರಬಂಧದ ವಿಷಯವೇ ಬೇರೆ, ಶೀರ್ಷಿಕೆಯೇ ಬೇರೆ. ಸ್ಪರ್ಧೆಯಲ್ಲಿ ‘ಕೆರೆಗಳ ಮಹತ್ವ’ ಎಂದು ಕೊಡುವುದು ವಿಷಯ. ಬೇರೆ ಶೀರ್ಷಿಕೆ ಇಡುವ ಸ್ವಾತಂತ್ರ್ಯವಿದ್ದೂ ಅದನ್ನೇ ಹಾಳೆಯ ನೆತ್ತಿಗೆ ಇಳಿಸಿಕೊಂಡರೆ, ಅದೇ ಹೆಸರಿನ ಹತ್ತಾರು ಪ್ರಬಂಧಗಳ ನಡುವೆ ನಿಮ್ಮದು ಕಳೆದುಹೋಗುತ್ತದೆ.

ಶೀರ್ಷಿಕೆಯನ್ನು ಕೊನೆಗೆ ಇಡುವುದೇ ಲೇಸು. ಕರಡು ಮುಗಿದ ಮೇಲೆ, ನೀವು ವಾದಿಸಿದ್ದು ಏನೆಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ, 2018ರಲ್ಲಿ ನೀರು ಹರಿಯತೊಡಗಿದ ಕೆ.ಸಿ. ವ್ಯಾಲಿ ಯೋಜನೆಯನ್ನು ಕುರಿತು ನೀವು ಬರೆದಿದ್ದೀರಿ ಎನ್ನೋಣ. ಆಗ ನಿಮ್ಮ ವಾಕ್ಯ ಹೀಗಿರಬಹುದು: ‘ಬತ್ತಿದ ಕೆರೆಗಳು ತುಂಬಿದವು ನಿಜ, ಆದರೆ ಮೂರನೆಯ ಹಂತದ ಶುದ್ಧೀಕರಣವಿಲ್ಲದ ನೀರನ್ನು ಪೂರ್ತಿ ನಂಬುವಂತಿಲ್ಲ.’

ಈಗ ಈ ವಾಕ್ಯವನ್ನು ಅರೆಯುತ್ತಾ ಬನ್ನಿ. ‘ಕೋಲಾರದ ಕೆರೆಗಳು’ ಎಂದರೆ ಊರು ಬಂತು, ಜಗಳ ಬರಲಿಲ್ಲ. ‘ಕೋಲಾರದ ಕೆರೆಗೆ ಬೆಂಗಳೂರಿನ ನೀರು’ ಎಂದಾಗ ‘ಗೆ’ ಎಂಬ ಒಂದು ಪ್ರತ್ಯಯವೇ ಕ್ರಿಯಾಪದದ ಕೆಲಸವನ್ನು ಮಾಡಿಬಿಡುತ್ತದೆ. ನೀರು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ಕಾಣುತ್ತದೆ. ಆದರೂ ಸಂಶಯವಿನ್ನೂ ಹೊರಗೇ ನಿಂತಿದೆ. ‘ಕೋಲಾರದ ಕೆರೆಗೆ ಬೆಂಗಳೂರು ಬಳಸಿದ ನೀರು’ ಎಂದು ಬರೆದು ನೋಡಿ. ‘ಬಳಸಿದ’ ಎಂಬ ಪದವು ಇಡೀ ತಕರಾರನ್ನು ಒಳಗೆ ತಂದುಕೊಂಡಿದೆ. ಅಲ್ಲಿ ‘ಕೊಳಚೆ’ ಎಂದು ಬರೆಯುವ ಆಸೆಯಾಗುವುದು ಸಹಜವಾದರೂ, ಎರಡೂ ಕಡೆಯ ಮಾತನ್ನು ತೂಗುವ ಪ್ರಬಂಧಕ್ಕೆ ಆ ಪದ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ.

ಪ್ರಾಸದ ಮೋಹವೂ ಹೀಗೆಯೇ ಕೈಕೊಡುತ್ತದೆ. ‘ತುಂಬಿದ ಕೆರೆ, ತೀರದ ಸಂಶಯ’ ಎಂಬುದು ಕಿವಿಗೆ ಇಂಪಾಗಿದ್ದರೂ ಯಾವ ಜಿಲ್ಲೆಯ ಕೆರೆಗಾದರೂ ಹೊಂದುತ್ತದೆ. ಅದನ್ನು ಬಿಡಲೊಲ್ಲಿರಾದರೆ ಊರಿನ ಹೆಸರಿರುವ ಉಪಶೀರ್ಷಿಕೆಯನ್ನು ಜೊತೆಗಿಡಬೇಕು. ‘ಹನಿ ಹನಿ ಕೂಡಿದರೆ ಹಳ್ಳ’ದಂಥ ಸವೆದ ಗಾದೆಗಳು ಬೇಡ. ಪ್ರಶ್ನೆಯ ಶೀರ್ಷಿಕೆಯನ್ನು, ಪ್ರಬಂಧ ಅದಕ್ಕೆ ಉತ್ತರ ಕೊಡುವುದಾದರೆ ಮಾತ್ರ ಇಡಿ.

ಇನ್ನು ‘ಒಂದು ಅವಲೋಕನ’, ‘ಒಂದು ಚಿಂತನೆ’, ‘ಸಾಧಕ–ಬಾಧಕಗಳು’ ಎಂಬ ಬಾಲಗಳು. ವಿಚಾರ ಸಂಕಿರಣಗಳ ಆಮಂತ್ರಣ ಪತ್ರಿಕೆಗಳಿಂದ ಇವು ನಮ್ಮ ಕೈಗೆ ಅಂಟಿಕೊಂಡಿರಬೇಕೆಂಬುದು ನನ್ನ ಗುಮಾನಿ. ಬಾಲವನ್ನು ಕತ್ತರಿಸಿ ನೋಡಿ. ಅರ್ಥ ಕೂದಲೆಳೆಯಷ್ಟೂ ಕಡಿಮೆಯಾಗದಿದ್ದರೆ ಅದು ಬೇಕಿರಲೇ ಇಲ್ಲ.

ಕೊನೆಗೆ, ಪ್ರಬಂಧವನ್ನು ಓದದ ಒಬ್ಬರಿಗೆ ಶೀರ್ಷಿಕೆಯನ್ನಷ್ಟೇ ಹೇಳಿ, ಒಳಗೇನಿರಬಹುದೆಂದು ಕೇಳಿ. ‘ನೀರಿನ ಬಗ್ಗೆ ಏನೋ ಇರಬೇಕು’ ಎಂದರೆ ಇನ್ನೊಮ್ಮೆ ತಿದ್ದಿ; ‘ಯಾರು ಬಳಸಿದ್ದು, ಶುದ್ಧವಾಗಿದೆಯೇ?’ ಎಂದು ತಿರುಗಿ ಕೇಳಿದರೆ ಹಾಗೆಯೇ ಬಿಡಿ.