ಸೊಪ್ಪಿನ ಬೆಟ್ಟದ ರಾತ್ರಿ ಕೂಗು ಹಿಡಿದದ್ದು

ಹೊಸನಗರ ತಾಲ್ಲೂಕಿನ ನಮ್ಮೂರಲ್ಲಿ ಅಡಿಕೆ ತೋಟದ ಮೇಲಕ್ಕೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಗುಡ್ಡ; ಅದರಾಚೆ ಕಾಡು. ಚಳಿಗಾಲದ ರಾತ್ರಿ ಆ ಕಡೆಯಿಂದ ಒಂದು ನಡುಗುವ ಕೂಗು ಬರುತ್ತದೆ. ‘ಚೌಡಿ ಕೂಗ್ತಾಳೆ, ಆ ಕಡೆ ಹೋಗ್ಬೇಡ ಮಾರಾಯ’ ಅನ್ನುತ್ತಿದ್ದರು ಮನೆಯ ಹಿರಿಯರು. ನನಗೆ ಅದು ಯಾರ ದನಿ ಅಂತ ತಿಳಿಯಲೇಬೇಕಿತ್ತು. ಕೇಳಿದ್ದನ್ನು ನೆನಪಲ್ಲಿಟ್ಟುಕೊಂಡರೆ ಸಾಲದು, ಬೆಳಗಾಗುವಷ್ಟರಲ್ಲಿ ಅದು ಬೇರೆಯೇ ಆಗಿರುತ್ತದೆ.

ರಾತ್ರಿ ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೇ ನಾನು ಬೆಟ್ಟದ ಬೇಲಿ ದಾಟುವುದಿಲ್ಲ. ಕತ್ತಲಾಗುವ ಮುಂಚೆ ರೆಕಾರ್ಡರನ್ನು ಮರಕ್ಕೆ ಎದೆಮಟ್ಟದಲ್ಲಿ ಕಟ್ಟಿ ಮನೆಗೆ ಬಂದುಬಿಡುತ್ತೇನೆ. ಅಲ್ಲೇ ಕೂತರೆ ಪ್ರಾಣಿಗಳು ಸುಮ್ಮನಾಗುತ್ತವೆ. ಹಳ್ಳದ ಹತ್ತಿರ ಕಟ್ಟಬಾರದು, ನೀರಿನ ಸದ್ದು ಎಲ್ಲವನ್ನೂ ನುಂಗುತ್ತದೆ. ದನಿಯನ್ನು ಕುಗ್ಗಿಸುವ ಎಂಪಿ3 ಬೇಡ, ಕುಗ್ಗಿಸದ ವೇವ್ ಫೈಲೇ ಇರಲಿ, 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 48 ಸಾವಿರ ಸಲ ದನಿಯನ್ನು ಅಳೆಯುವ ಹಾಗೆ. ಮೈಕಿಗೆ ತುಪ್ಪಳದ ಹೊದಿಕೆ. ಸದ್ದನ್ನು ತಾನಾಗೇ ಏರಿಸಿ ಇಳಿಸುವ ಆಟೋ ಲೆವೆಲ್ ಮಾತ್ರ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಬೇರೆ ಸದ್ದಿಲ್ಲದಾಗ ಅದು ಜೀರುಂಡೆಯ ಸದ್ದನ್ನೇ ಎತ್ತಿ ತುಂಬುತ್ತದೆ.

ಇಡೀ ರಾತ್ರಿಯದ್ದನ್ನು ಕೂತು ಕೇಳಲು ಆಗುತ್ತಾ? ಕಂಪ್ಯೂಟರಿನಲ್ಲಿ ರೇವನ್ ಲೈಟ್ ಎಂಬ ಸಾಫ್ಟ್‌ವೇರ್ ಹಾಕಿ ಸ್ಪೆಕ್ಟ್ರೋಗ್ರಾಮ್ ನೋಡುತ್ತೇನೆ. ದನಿಯೇ ಚಿತ್ರವಾಗುತ್ತದೆ: ಎಡದಿಂದ ಬಲಕ್ಕೆ ಸಮಯ, ಕೆಳಗಿಂದ ಮೇಲಕ್ಕೆ ಸ್ವರದ ಎತ್ತರ. ಜೀರುಂಡೆಗಳು ಮೇಲೆ ದಪ್ಪ ಪಟ್ಟಿಯಾಗಿ ನಿಲ್ಲುತ್ತವೆ. ಗೂಬೆಗಳ ದನಿ ಬಹಳ ಕೆಳಗೆ, ಹೆಚ್ಚಾಗಿ 1 ಕಿಲೋಹರ್ಟ್ಸ್ ಆಸುಪಾಸಿನಲ್ಲಿ. ಒಂದರ ಮೇಲೊಂದು ಬೀಳುವುದಿಲ್ಲ, ಕಣ್ಣಿಗೆ ಕೂಡಲೇ ಸಿಗುತ್ತವೆ.

ಕಾಡುಕುರಿಯನ್ನು, ಅಂದರೆ ಬೊಗಳುವ ಸಣ್ಣ ಜಿಂಕೆಯನ್ನು, ಗುರುತಿಸಿದ್ದೂ ಹೀಗೇ. ಊರ ನಾಯಿ ಅಂದುಕೊಂಡಿದ್ದ ಬೊಗಳು ಅದು. ನಾಯಿಯ ಬೊಗಳು ಗುಂಪುಗುಂಪಾಗಿ, ಅಡ್ಡಾದಿಡ್ಡಿ ಕಾಣುತ್ತದೆ. ಇದು ಒಂದೊಂದೇ ಗೆರೆ. ನಡುವೆ ಕೆಲವು ಸೆಕೆಂಡು ಬಿಡುವು, ಮತ್ತೆ ಅಂಥದ್ದೇ ಗೆರೆ. ಚಿರತೆಯ ಸುಳಿವು ಸಿಕ್ಕರೆ ಅದು ಹೀಗೆ ತುಂಬಾ ಹೊತ್ತು ಕೂಗುತ್ತದೆ.

ಆ ನಡುಗುವ ಕೂಗು ಗಾಳಿಗೆ ಅಲುಗಾಡುವ ದಾರದ ಹಾಗೆ ಕಂಡಿತು. ಹಕ್ಕಿಗಳ ದನಿ ಸಂಗ್ರಹಿಸಿಟ್ಟಿರುವ ಝೀನೋ ಕ್ಯಾಂಟೋ ಜಾಲತಾಣದಲ್ಲಿರುವ ಗೂಬೆಗಳ ದನಿಯ ಜತೆ ಒಂದೊಂದಾಗಿ ಇಟ್ಟು ನೋಡಿದೆ. ಮಾಟಲ್ಡ್ ವುಡ್ ಔಲ್‌ಗೆ ಸರಿಯಾಗಿ ಹೊಂದಿತು. ದೊಡ್ಡ ಹಳೇ ಮರಗಳಲ್ಲಿ ವಾಸಿಸುವ ಗೂಬೆ. ನಮ್ಮ ಬೆಟ್ಟದಲ್ಲಿ ಅಂಥ ಮರ ಇನ್ನೂ ಉಳಿದಿವೆ ಅನ್ನೋದೇ ನನಗೆ ಜಾಸ್ತಿ ಖುಷಿ.

ಸಿಕ್ಕ ಕೂಗನ್ನು ಸ್ಪೀಕರಿನಲ್ಲಿ ಕಾಡಿನ ಕಡೆ ಹಾಕಿ ಗೂಬೆಯನ್ನು ಕರೆಯುವವರಿದ್ದಾರೆ. ದಯವಿಟ್ಟು ಬೇಡ. ಚಳಿಗಾಲವೇ ಅದು ಮೊಟ್ಟೆಯಿಡುವ ಕಾಲ. ತನ್ನ ಜಾಗಕ್ಕೆ ಇನ್ನೊಂದು ಗೂಬೆ ನುಗ್ಗಿದೆ ಅಂದುಕೊಂಡು ಗೂಡು ಬಿಟ್ಟು ಓಡಿಸಲು ಬರುತ್ತದೆ.