ಲ್ಯಾಪ್‌ಟಾಪ್‌ನಲ್ಲಿ ಧರೆ ಕುಸಿಯಿತು

2014ರ ಜುಲೈ 30ರ ಬೆಳಿಗ್ಗೆ ಪುಣೆ ಜಿಲ್ಲೆಯ ಮಾಳೀಣ್ ಊರಿನ ಮೇಲೆ ಗುಡ್ಡ ಜಾರಿತು. ಸುಮಾರು 150 ಜನ ಸತ್ತರು. ಪುಣೆಯ ಕೋಥ್ರೂಡ್‌ನಲ್ಲಿ ಮನೆ ಮಾಡಿದ ಮೇಲೂ ಆ ಸುದ್ದಿ ನನ್ನ ತಲೆಯಿಂದ ಹೋಗಲಿಲ್ಲ. ನಾನು ಶಿರಸಿ ಕಡೆಯವನು. ಧರೆ ಕುಸಿಯುವುದನ್ನು ನೋಡುತ್ತಲೇ ಬೆಳೆದವನು. ಆದರೆ ಇಡೀ ಗುಡ್ಡ ಹರಿಯುವುದು ಹೇಗೆ? ಕಂಪ್ಯೂಟರ್‌ನಲ್ಲಿ ಮಾಡಿ ನೋಡಲು ಕೂತೆ.

ಮಟೀರಿಯಲ್ ಪಾಯಿಂಟ್ ವಿಧಾನ ಹಿಡಿದೆ. ಎಂಜಿನಿಯರುಗಳು ಸಾಮಾನ್ಯವಾಗಿ ಬಳಸುವ ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ಗುಡ್ಡವನ್ನು ಬಲೆಯಂತೆ ಚಿಕ್ಕ ತುಂಡುಗಳಾಗಿ ಹಂಚುತ್ತಾರೆ, ಆ ಬಲೆ ಮಣ್ಣಿನ ಜೊತೆಗೇ ಹೋಗಿ ಮುದ್ದೆಯಾಗುತ್ತದೆ. ಇಲ್ಲಿ ಮಣ್ಣು ಕಣಗಳಾಗಿ ಓಡಾಡುತ್ತದೆ, ಲೆಕ್ಕ ಮಾತ್ರ ಹಿನ್ನೆಲೆಯಲ್ಲಿರುವ ಚೌಕಳಿಯ ಮೇಲೆ.

25 ಡಿಗ್ರಿ ಇಳಿಜಾರು, 30 ಡಿಗ್ರಿ ಘರ್ಷಣೆ ಕೋನ (ಕಾಳುಗಳು ಜಾರದಂತೆ ತಡೆಯುವ ಘರ್ಷಣೆಯ ಅಳತೆ), ಕಾಳುಗಳ ನಡುವೆ ಅಂಟು ಸೊನ್ನೆ. ಒಣ ಗುಡ್ಡ ನಿಂತಿತು. ಸೇಫ್ಟಿ ಫ್ಯಾಕ್ಟರ್, ಅಂದರೆ ಹಿಡಿಯುವ ಬಲಕ್ಕೂ ಎಳೆಯುವ ಬಲಕ್ಕೂ ಇರುವ ಅನುಪಾತ, 1.24. ಅದು 1ಕ್ಕಿಂತ ಕೆಳಗಿಳಿದರೆ ಗುಡ್ಡ ಜಾರುತ್ತದೆ. ಮಳೆ ಅಂತ ಮಣ್ಣಿನ ತೂಕ ಜಾಸ್ತಿ ಮಾಡಿದೆ. ಗುಡ್ಡ ಅಲ್ಲಾಡಲಿಲ್ಲ. ಮೂರು ರಾತ್ರಿ ಕೋಡ್‌ನಲ್ಲಿ ತಪ್ಪು ಹುಡುಕಿದೆ.

ಅಮ್ಮನ ಹತ್ತಿರ ಫೋನಿನಲ್ಲಿ ಹೇಳಿಕೊಂಡಾಗ ಅವಳು ಕೇಳಿದ್ದು ಒಂದೇ: "ಬುಡದಲ್ಲಿ ಜಲ ಎದ್ದಿತ್ತಾ?"

ಮರುದಿನ ಬಾಲ್ಕನಿಯಲ್ಲಿ ಒಂದು ಟ್ರೇಯಲ್ಲಿ ಮರಳು ಸೇರಿಸಿದ ಮಣ್ಣನ್ನು ಇಳಿಜಾರಾಗಿ ಹಾಕಿದೆ. ಮೇಲಿಂದ ನೀರು ಚಿಮುಕಿಸಿದರೆ ಮಣ್ಣು ಇನ್ನೂ ಗಟ್ಟಿಯಾಯಿತು, ಬೆರಳಚ್ಚು ಹಾಗೇ ಉಳಿಯಿತು. ಆಮೇಲೆ ಹಿಂದಿನ ಮೂಲೆಯಿಂದ ನಿಧಾನವಾಗಿ ನೀರು ಹೊಯ್ದೆ. ಮೊದಲು ಬುಡ ಮಿನುಗಿತು. ಒಂದೊಂದೇ ಕಾಳು ಜಾರಿತು. ನೆತ್ತಿಯಲ್ಲಿ ಬೆರಳುದ್ದದ ಬಿರುಕು ಬಿಟ್ಟಿತು. ಮರುಕ್ಷಣ ಅಲ್ಲಿಂದ ಕೆಳಗಿನ ಮಣ್ಣೆಲ್ಲ ಒಟ್ಟಿಗೇ ಇಳಿಯಿತು.

ಆಗ ಹೊಳೆಯಿತು. ತೂಕ ಕೆಳಗೆ ಎಳೆಯುತ್ತದೆ ನಿಜ. ಆದರೆ ಅದೇ ತೂಕ ಕಾಳುಗಳನ್ನು ಒತ್ತಿ ಹಿಡಿಯುತ್ತದೆ, ಘರ್ಷಣೆಯೂ ಅಷ್ಟೇ ಏರುತ್ತದೆ. ಗುಡ್ಡವನ್ನು ಬಿಡಿಸುವುದು ಸಂದುಗಳಲ್ಲಿ ತುಂಬಿದ ನೀರಿನ ಒತ್ತಡ. ಅದು ಕಾಳುಗಳ ನಡುವಿನ ಹಿಡಿತವನ್ನೇ ಸಡಿಲ ಮಾಡುತ್ತದೆ. ಮಣ್ಣಿನ ಯಂತ್ರಶಾಸ್ತ್ರಕ್ಕೆ ಬುನಾದಿ ಹಾಕಿದ ಕಾರ್ಲ್ ಟರ್ಜಾಘಿ 1920ರ ದಶಕದಲ್ಲೇ ಇದನ್ನು ಹೇಳಿದ್ದ. ನಾನೂ ಕಾಲೇಜಿನಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆ.

ಕೋಡ್‌ನಲ್ಲಿ ಬದಲಾದದ್ದು ಒಂದೇ ಸಾಲು: ಘರ್ಷಣೆ ಲೆಕ್ಕ ಹಾಕುವ ಮೊದಲು ಒಟ್ಟು ಒತ್ತಡದಿಂದ ನೀರಿನ ಒತ್ತಡವನ್ನು ಕಳೆಯುವುದು. ನೀರು ಮೇಲ್ಮೈವರೆಗೆ ತುಂಬಿ ಇಳಿಜಾರಿನುದ್ದಕ್ಕೂ ಹರಿದಾಗ 1.24 ಇದ್ದದ್ದು ಹತ್ತಿರ ಹತ್ತಿರ ಅರ್ಧಕ್ಕೆ, 0.62ಕ್ಕೆ ಬಿತ್ತು. ಪರದೆಯ ಮೇಲೆ ಬುಡದ ಕಣಗಳು ಮೊದಲು ಹೊರಟವು, ನೆತ್ತಿ ಆಮೇಲೆ ಬಿರಿಯಿತು. ಟ್ರೇಯಲ್ಲಿ ಕಂಡ ಹಾಗೇ.

ಈಗ ನೀರಿಗೂ ಬೇರೆ ಕಣಗಳನ್ನು ಕೊಡುತ್ತಿದ್ದೇನೆ. ಮಣ್ಣು ಜಾರುವಾಗ ಒತ್ತಡವೂ ಬದಲಾಗುತ್ತದೆ ಅಲ್ವಾ, ಅದು ತಾನಾಗಿಯೇ ಬರಬೇಕು. ನೀರು ಸುಲಭಕ್ಕೆ ಕುಗ್ಗುವುದಿಲ್ಲ, ಹಾಗಾಗಿ ಲೆಕ್ಕದ ಒಂದೊಂದು ಸಮಯದ ಹೆಜ್ಜೆಯೂ ತೀರಾ ಚಿಕ್ಕದಾಗಿ ರಾತ್ರಿಯಿಡೀ ಫ್ಯಾನ್ ಕೂಗುತ್ತದೆ.