ಬೆಳ್ಳುಳ್ಳಿ ಜಜ್ಜಿದ ಮೇಲೆ ಹತ್ತು ನಿಮಿಷ ಬಿಡಿ

ಬೆಳ್ಳುಳ್ಳಿ ಎಸಳನ್ನು ಸುಲಿದು ಹಾಗೇ ಮೂಸಿ ನೋಡಿ, ಅಂಥ ಘಾಟೇನೂ ಇರುವುದಿಲ್ಲ. ಅದನ್ನೇ ಕುಟ್ಟಾಣಿಗೆ ಹಾಕಿ ಒಂದು ಪೆಟ್ಟು ಕೊಟ್ಟರೆ ಮೂಗಿಗೆ ಅಡರುತ್ತದೆ. ಆ ಘಾಟಿನ ವಸ್ತು ಎಸಳಿನೊಳಗೆ ಮೊದಲೇ ಇದ್ದದ್ದಲ್ಲ, ಜಜ್ಜಿದ ಮೇಲೆ ಹುಟ್ಟಿದ್ದು. ಎಸಳಿನಲ್ಲಿ ಆಲಿಯಿನ್ ಎಂಬ ಗಂಧಕದ ಸಂಯುಕ್ತ ಒಂದು ಕೋಣೆಯಲ್ಲಿ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಜಜ್ಜಿದಾಗ ನಡುವಿನ ಗೋಡೆ ಒಡೆದು ಎರಡೂ ಸೇರುತ್ತವೆ, ಆಲಿಸಿನ್ ತಯಾರಾಗುತ್ತದೆ. ರೋಗಾಣುಗಳ ಮೇಲೆ ಬೀಳುವುದು ಈ ಆಲಿಸಿನ್. ಅಮೆರಿಕದ ಕ್ಯಾವಲಿಟೋ ಮತ್ತು ಬೈಲಿ ಎಂಬ ವಿಜ್ಞಾನಿಗಳು 1944ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದರು.

ಹಾಗಾಗಿ ಇಡೀ ಎಸಳನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ರುಚಿ ಸಿಗಬಹುದು, ಆಲಿಸಿನ್ ಸಿಗುವುದಿಲ್ಲ. ಅದು ಹುಟ್ಟುವ ಮೊದಲೇ ಬಿಸಿಗೆ ಕಿಣ್ವ ಸತ್ತುಹೋಗಿರುತ್ತದೆ. ಮೊದಲು ಜಜ್ಜಿ, ಹತ್ತು ನಿಮಿಷ ಹಾಗೇ ಬಿಡಿ, ಆಮೇಲೆ ಒಲೆಗೆ. ಅದನ್ನೂ ಅಡುಗೆಯ ಕೊನೆಗೆ ಹಾಕುವುದು ಒಳ್ಳೆಯದು, ಆಲಿಸಿನ್ ಕೂಡ ಬಹಳ ಹೊತ್ತು ಬಿಸಿ ತಡೆಯುವುದಿಲ್ಲ.

ಅದು ಕೆಲಸ ಮಾಡುವ ಬಗೆ ತಿಳಿದರೆ ಅದರ ಅಪಾಯವೂ ತಿಳಿಯುತ್ತದೆ. ಬ್ಯಾಕ್ಟೀರಿಯಾದ ಎಷ್ಟೋ ಕಿಣ್ವಗಳಲ್ಲಿ ಗಂಧಕ ಮತ್ತು ಜಲಜನಕ ಕೂಡಿದ ಥಯಾಲ್ ಎಂಬ ಗುಂಪು ಇರುತ್ತದೆ. ಆಲಿಸಿನ್ ಹೋಗಿ ಅಲ್ಲಿಗೇ ಅಂಟಿಕೊಳ್ಳುತ್ತದೆ, ಬೀಗದ ಕಿಂಡಿಗೆ ಮೇಣ ತುಂಬಿದ ಹಾಗೆ. ಕಿಣ್ವ ನಿಂತುಹೋಗುತ್ತದೆ. ಆದರೆ ಥಯಾಲ್ ನಮ್ಮ ಜೀವಕೋಶಗಳಲ್ಲೂ ಇದೆ. ಹಿಂದೊಮ್ಮೆ ನನ್ನ ಕಾಲ್ಬೆರಳಿನ ಸಂದಿ ಹುಣ್ಣಾಗಿದ್ದಾಗ ಜಜ್ಜಿದ ಬೆಳ್ಳುಳ್ಳಿ ಇಟ್ಟು ಬಟ್ಟೆ ಸುತ್ತಿ ಮಲಗಿದ್ದೆ. ಬೆಳಿಗ್ಗೆ ಬಿಚ್ಚಿದರೆ ಸುಟ್ಟ ಗಾಯದ ಹಾಗೆ ಬೊಬ್ಬೆ ಎದ್ದಿತ್ತು, ಚರ್ಮ ಬಟ್ಟೆಯೊಂದಿಗೇ ಕಿತ್ತು ಬಂತು. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ತಿಂದರೂ ಆಲಿಸಿನ್ ರಕ್ತಕ್ಕೆ ಆಲಿಸಿನ್ ಆಗಿಯೇ ಸೇರುವುದಿಲ್ಲ, ದಾರಿಯಲ್ಲೇ ಬೇರೆ ಬೇರೆ ವಸ್ತುಗಳಾಗಿ ಒಡೆದುಹೋಗುತ್ತದೆ. ಅದಕ್ಕೇ ಸೋಂಕಿನ ಜ್ವರಕ್ಕೆ ಬೆಳ್ಳುಳ್ಳಿ ನಂಬಿ ಕೂರಬಾರದು.

ಪೆನಿಸಿಲಿನ್ ಇದಕ್ಕಿಂತ ಏಕೆ ಭಿನ್ನ ಎಂದು ಯೋಚಿಸಿದಾಗಲೆಲ್ಲ ನನಗೆ ಬೆರಗಾಗುತ್ತದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಬೂಷ್ಟಿನ ಈ ವಸ್ತುವಿನಲ್ಲಿ ನಾಲ್ಕೇ ಪರಮಾಣುಗಳ ಒಂದು ಬಿಗಿ ಉಂಗುರ ಇದೆ. ಬ್ಯಾಕ್ಟೀರಿಯಾ ತನ್ನ ಸುತ್ತಲಿನ ಗೋಡೆ ಹೆಣೆಯುವಾಗ ಎಳೆಗೆ ಎಳೆ ಜೋಡಿಸುವ ಕಿಣ್ವಕ್ಕೆ ಆ ಉಂಗುರ ಬಿಚ್ಚಿಕೊಂಡು ಅಂಟುತ್ತದೆ. ಹೆಣಿಗೆ ನಿಲ್ಲುತ್ತದೆ, ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಒಳಗಿನ ಒತ್ತಡ ತಡೆಯಲಾರದೆ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ, ಅಲರ್ಜಿ ಇಲ್ಲದವರಿಗೆ ಅದು ಅಷ್ಟಾಗಿ ತೊಂದರೆ ಕೊಡದಿರುವುದು ಅದಕ್ಕೇ. ವೈರಸ್ಸಿಗೂ ಆ ಗೋಡೆ ಇಲ್ಲ, ನೆಗಡಿಗೆ ಅದನ್ನು ನುಂಗಿ ಪ್ರಯೋಜನವಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಆ ಉಂಗುರವನ್ನೇ ಕತ್ತರಿಸುವ ಕಿಣ್ವ ಇಟ್ಟುಕೊಂಡಿವೆ. ಬೇಕಿಲ್ಲದಾಗ ನುಂಗಿದಷ್ಟೂ ಅವುಗಳ ಸಂತತಿಯೇ ಉಳಿದು ಬೆಳೆಯುತ್ತದೆ. ಹಳೆಯ ಮಾತ್ರೆಗಳನ್ನು ಡಬ್ಬಿಯಲ್ಲಿ ಕೂಡಿಟ್ಟು ಬೇಕಾದಾಗ ತೆಗೆದು ನುಂಗುವ ಅಭ್ಯಾಸ ಬಿಡಿ. ಬೂಷ್ಟು ಹಿಡಿದ ಬ್ರೆಡ್ಡೂ ಔಷಧಿಯಲ್ಲ, ಅದರಲ್ಲಿ ವಿಷ ಬಿಡುವ ಬೂಷ್ಟುಗಳೂ ಇರುತ್ತವೆ.

ಜೇನಿನ ಕೆಲಸ ಇನ್ನೊಂದು ಥರ. ಅದರಲ್ಲಿ ನೀರು ನೂರಕ್ಕೆ ಹದಿನೇಳು ಹದಿನೆಂಟು ಭಾಗ ಅಷ್ಟೆ, ಉಳಿದದ್ದು ಬಹುಪಾಲು ಸಕ್ಕರೆ. ಆ ಸಕ್ಕರೆ ರೋಗಾಣುವಿನೊಳಗಿನ ನೀರನ್ನೇ ಹೀರಿಬಿಡುತ್ತದೆ. ಸ್ವಲ್ಪ ತೆಳುವಾದಾಗ ಜೇನುಹುಳು ಸೇರಿಸಿದ ಒಂದು ಕಿಣ್ವ ಎಚ್ಚೆತ್ತು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ. ಚೆನ್ನಾಗಿ ಕಾಯಿಸಿದರೆ ಈ ಕಿಣ್ವವೂ ಹಾಳು, ಆದ್ದರಿಂದ ಹಾಲೋ ನೀರೋ ಕುಡಿಯುವಷ್ಟು ಆರಿದ ಮೇಲೆ ಜೇನು ಬೆರೆಸಿ. ಗಾಯಕ್ಕೆ ಆಸ್ಪತ್ರೆಯವರು ಹಚ್ಚುವುದು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿದ ಜೇನು, ಮನೆಯ ಬಾಟಲಿಯದನ್ನು ಹಚ್ಚಬೇಡಿ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬೇಡಿ. ಮೈಯ ಸ್ನಾಯುಗಳ ಬಲ ಉಡುಗಿಸುವ ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಜೇನಿನಲ್ಲಿ ಸಾಯದೆ ಮಲಗಿರಬಹುದು, ಎಳೆಯ ಕರುಳಿನಲ್ಲಿ ಅವು ಮೊಳೆಯುತ್ತವೆ.

ಅದೇ ಬ್ಯಾಕ್ಟೀರಿಯಾ ಬೆಳ್ಳುಳ್ಳಿಗೂ ಬರುತ್ತದೆ. ಮಣ್ಣಿನಿಂದ ಬಂದ ಬೀಜಕಣ ಎಸಳಿಗೆ ಅಂಟಿರುತ್ತದೆ. ಎಸಳನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ ಗಾಳಿಯಿಲ್ಲ, ಹುಳಿಯಿಲ್ಲ, ಅದಕ್ಕೆ ಬೇಕಾದ್ದೂ ಅದೇ. ವಿಷ ಬಿಟ್ಟರೂ ಬಣ್ಣ, ವಾಸನೆ ಬದಲಾಗದೇ ಇರಬಹುದು, ಮೂಸಿ ನೋಡಿ ತೀರ್ಮಾನಿಸಲಾಗದು. ಬೆಳ್ಳುಳ್ಳಿ ಎಣ್ಣೆ ಬೇಕಿದ್ದರೆ ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಡಿ, ನಾಲ್ಕು ದಿನದೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿಬಿಡಿ.